ಬಿದ್ದು ತೋರಿಸಬೇಕಾದ ಭಾನುವಾರ

ಜನವರಿ 9, ಗುರುವಾರ

ಪ್ರೀತಿಯ ಅಣ್ಣನಿಗೆ ನಿನ್ನ ಬೂರುಗ ಮಾಡುವ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿರಬೇಕು. ನಿನ್ನ ಕಾಗದ ಬಂದು ಬಹಳ ದಿನವಾದರೂ ಉತ್ತರ ಬರೆಯದೆ ಇದ್ದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ಬರೆಯಬೇಕೆಂದು ಕೂತಾಗಲೆಲ್ಲ ನಿದ್ದೆ ಬಂದುಬಿಡುತ್ತದೆ. ಈ ಕಾಗದದಲ್ಲಿ ಎಲ್ಲಾದರೂ ಸಾಲು ಜಾರಿಕೊಂಡು ಕೆಳಗೆ ಹೋಗಿದ್ದರೆ, ಅಲ್ಲಿ ನಾನು ತೂಕಡಿಸಿದೆ ಎಂದುಕೊಂಡು ಮುಂದಿನ ಸಾಲಿಗೆ ಬಾ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕಾಗದ. ಉಳಿದ ಅಕ್ಷರ ಕಲಿಸಿದವನು ನೀನೇ ಆದ್ದರಿಂದ ತಪ್ಪಿದ್ದರೆ ಅರ್ಧ ನಿನ್ನದು.

ಮೊದಲು ನಿನ್ನ ಮೇಲಿನ ದೂರು ಹೇಳಿಬಿಡುತ್ತೇನೆ. ನಿನ್ನ ಕಾಗದ ಬಂದ ದಿನ ನಾನು ಏನು ಮಾಡುತ್ತೇನೆ ಗೊತ್ತೇ? ಅಲ್ಲೇ ನಿಂತು ಒಡೆಯುವುದಿಲ್ಲ. ಅಂಗಡಿಯ ಹಿಂದಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಹೊಲಿದಿಟ್ಟ ಹಾಸಿಗೆಗಳ ನಡುವೆ ಕೂರುತ್ತೇನೆ. ಬೆನ್ನಿಗೊಂದು ದಿಂಬು, ಎಡಕ್ಕೊಂದು, ಬಲಕ್ಕೊಂದು. ಹೀಗೆ ಬೀಳಲು ಪೂರ್ತಿ ತಯಾರಾಗಿ ಕಾಗದ ಬಿಚ್ಚುತ್ತೇನೆ. ಒಳಗೆ ಏನಿರುತ್ತದೆ? ‘ನಾನು ಕ್ಷೇಮ. ಬಸ್ಸಿನ ಸೀಟು ಹೊಲಿಯುವ ಕೆಲಸ ಚೆನ್ನಾಗಿ ನಡೆದಿದೆ. ಇಲ್ಲಿ ಸೆಕೆ ಹೆಚ್ಚು. ಅಪ್ಪ, ಅಮ್ಮ, ಅತ್ತೆ ಮೂವರಿಗೂ ನಮಸ್ಕಾರ.’ ಅಷ್ಟೇ. ಅಣ್ಣಾ, ಇದನ್ನು ನೀನು ಬರೆದೆಯೋ, ಬಸ್ಸಿನ ಕಂಡಕ್ಟರ್ ಬರೆದನೋ? ನಾನು ದಿಂಬುಗಳನ್ನೆಲ್ಲ ಮತ್ತೆ ಜೋಡಿಸಿಟ್ಟು, ಹತ್ತಿ ಕೊಡವಿಕೊಂಡು ಎದ್ದು ಬರುತ್ತೇನೆ.

ಯಾಕೆ ಹೀಗೆ ಬರೆಯುತ್ತೀಯ ಎಂದು ನನಗೆ ಗೊತ್ತು. ನಾನು ನಕ್ಕರೆ ಬೀಳುತ್ತೇನೆ. ನೀನು ಬಾಯಿ ತೆರೆದರೆ ನಾನು ನಗುತ್ತೇನೆ. ಅಂಗಡಿಯ ಮೆಟ್ಟಿಲ ಮೇಲೆ ಹಾಗೆ ಬಿದ್ದು ದವಡೆ ಮುರಿದುಕೊಂಡೆ. ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ನೀನು ಬಟ್ಟೆ ಗಂಟು ಕಟ್ಟಿಕೊಂಡು ಹೊರಟುಹೋಗಿದ್ದೆ. ಈಗ ಕಾಗದದಲ್ಲೂ ಎಲ್ಲಿ ನಗಿಸಿಬಿಡುತ್ತೀನೋ ಎಂದು ಹೆದರಿ, ಒಂದೊಂದು ಮಾತನ್ನೂ ಒಣಗಿಸಿ ಕಳಿಸುತ್ತೀಯ.

ನೀನು ಹೋದ ಮೇಲೆ ಅಪ್ಪ ಮನೆಯಲ್ಲಿ ಕಾನೂನು ಮಾಡಿದರು. ಯಾರೂ ತಮಾಷೆ ಮಾಡಕೂಡದು. ಅತ್ತೆಯೇ ಕಾವಲು. ಅತ್ತೆಯ ಮುಖ ಮೊದಲೇ ಹರಳೆಣ್ಣೆ ಕುಡಿದ ಹಾಗೆ, ಈಗ ಇನ್ನೂ ಎರಡು ಚಮಚ ಹೆಚ್ಚು ಕುಡಿದ ಹಾಗೆ ಇದೆ. ಅಪ್ಪ ಅಂಗಡಿಯಲ್ಲಿ ರಟ್ಟಿನ ಮೇಲೆ ‘ಇಲ್ಲಿ ಯಾರೂ ನಗಿಸಬಾರದು’ ಎಂದು ಬರೆದು ತೂಗುಹಾಕಿದರು. ಬಂದ ಗಿರಾಕಿಗಳೆಲ್ಲ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ವಾರ ಕಳೆಯುವುದರೊಳಗೆ ಅಪ್ಪನೇ ಅದನ್ನು ಕಿತ್ತು, ರಟ್ಟನ್ನು ದಿಂಬಿನ ಅಳತೆಗೆ ಇಟ್ಟುಕೊಂಡರು.

ಈಗ ಮುಖ್ಯ ಸುದ್ದಿ. ನನ್ನ ಕಾಯಿಲೆಗೆ ಹೆಸರು ಸಿಕ್ಕಿದೆ.

ಹೋದ ತಿಂಗಳು ಹಾಸಿಗೆಯ ಅಂಚು ಹೊಲಿಯುತ್ತ ಕೂತಲ್ಲೇ ನಿದ್ದೆ ಬಂದು ದಬ್ಬಣವನ್ನು ಅಂಗೈಗೆ ಚುಚ್ಚಿಕೊಂಡೆ. ಅಮ್ಮ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಹೊಸದಾಗಿ ಬಂದ ಡಾಕ್ಟರಮ್ಮ ಕೈಗೆ ಪಟ್ಟಿ ಕಟ್ಟಿದರು. ಕಟ್ಟುತ್ತ ಕಟ್ಟುತ್ತ, “ಹಗಲು ಹೊತ್ತು ಹೀಗೆ ನಿದ್ದೆ ಬರುತ್ತಾ? ಎಷ್ಟು ವರ್ಷದಿಂದ?” ಎಂದು ಕೇಳಿದರು. ಆಮೇಲೆ ಇದ್ದಕ್ಕಿದ್ದ ಹಾಗೆ, “ನಗು ಬಂದಾಗ ಏನಾಗುತ್ತೆ?” ಎಂದರು.

ಅಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ನಾವು ಆ ಮಾತನ್ನೇ ಎತ್ತಿರಲಿಲ್ಲ. “ಬೀಳ್ತಾಳೆ” ಎಂದಳು. ಯಾರೋ ಕದ್ದದ್ದನ್ನು ಒಪ್ಪಿಕೊಂಡ ಹಾಗೆ ಇತ್ತು ಅವಳ ದನಿ.

“ಹೇಗೆ ಬೀಳ್ತೀಯಮ್ಮ? ನೀನೇ ಹೇಳು.”

ನನಗೆ ಹೊಸಬರ ಎದುರು ಮಾತೇ ಹೊರಡುವುದಿಲ್ಲ, ನಿನಗೆ ಗೊತ್ತಲ್ಲ. ಆದರೂ ಹೇಳಿದೆ. ಮೊದಲು ಗದ್ದ ಜೋಲುತ್ತದೆ. ಕಣ್ಣಿನ ರೆಪ್ಪೆ ಭಾರವಾಗುತ್ತದೆ. ಕೈಯಲ್ಲಿದ್ದದ್ದು ಜಾರುತ್ತದೆ. ಆಮೇಲೆ ಮೊಣಕಾಲು ನನ್ನದಲ್ಲ ಎನ್ನುವ ಹಾಗಾಗುತ್ತದೆ. ಗವಸಿನಿಂದ ಹತ್ತಿ ಹೊರಗೆಳೆದರೆ ಗವಸು ಕುಸಿಯುತ್ತದಲ್ಲ, ಹಾಗೆ.

ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತು ಹೇಳಿದರು. “ನಮ್ಮ ಸ್ನಾಯುಗಳಲ್ಲಿ ಯಾವಾಗಲೂ ಒಂದು ಬಿಗಿ ಇರುತ್ತೆ. ಸುಮ್ಮನೆ ನಿಂತಿದ್ರೂ ಅದೇ ನಮ್ಮನ್ನ ಹಿಡಿದಿರೋದು. ಇವಳಿಗೆ ಜೋರಾಗಿ ನಗು ಬಂದ ಕೂಡಲೇ ಆ ಬಿಗಿ ಒಂದಷ್ಟು ಹೊತ್ತು ಕೈಬಿಟ್ಟು ಹೋಗುತ್ತೆ. ಕ್ಯಾಟಾಪ್ಲೆಕ್ಸಿ ಅಂತಾರೆ. ಹಗಲು ನಿದ್ದೆ ಬರೋದೂ ಇದೇ ಕಾಯಿಲೆಯ ಇನ್ನೊಂದು ಮುಖ. ಸೋಮಾರಿತನ ಅಲ್ಲ, ಗಾಳಿ ಸೋಕಿದ್ದೂ ಅಲ್ಲ.”

ಸೋಮಾರಿತನ ಅಲ್ಲ. ಅಣ್ಣಾ, ಆ ಮಾತು ಕೇಳಿ ನಾನು ಅತ್ತುಬಿಟ್ಟೆ. ಅಳುವಾಗ ಬೀಳುವುದಿಲ್ಲ ನೋಡು, ಅದೊಂದು ಸೌಕರ್ಯ. ಶಾಲೆಯಲ್ಲಿ ಟೀಚರ್ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದದ್ದು, ಹುಡುಗರು ಕೆಳಗಿನಿಂದ ಕೋತಿಯ ಮುಖ ಮಾಡಿ ನಗಿಸಿ ಬೀಳಿಸುತ್ತಿದ್ದದ್ದು, ‘ತೂಕಡಿಕೆ ರಾಣಿ’ ಎಂದು ಕೂಗುತ್ತ ಮನೆತನಕ ಹಿಂದೆ ಬರುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಡಾಕ್ಟರಮ್ಮ ಎದ್ದು ಹೋಗುತ್ತ, “ಬಿದ್ದಾಗ ಭಯಪಡಬೇಡಿ. ಮೈ ಅಲ್ಲಾಡಲ್ಲ ಅಷ್ಟೇ, ಎಚ್ಚರ ಪೂರ್ತಿ ಇರುತ್ತೆ, ಎಲ್ಲಾ ಕೇಳಿಸುತ್ತೆ” ಎಂದರು. ಅಮ್ಮ ನನ್ನನ್ನು ತಿರುಗಿ ನೋಡಿದಳು. ಮನೆಗೆ ಬಂದು ಅಪ್ಪ, ಅತ್ತೆಗೆ ವರದಿ ಒಪ್ಪಿಸಿದಳು.

ಅತ್ತೆಯ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. “ಎಲ್ಲಾನೂ ಕೇಳಿಸ್ತಿತ್ತೇನೇ?”

“ಹೂಂ ಅತ್ತೆ.”

“ನಾನು ನಿಮ್ಮಮ್ಮನ ಕೈಯಡುಗೆ ಬಗ್ಗೆ ಅಂದಿದ್ದೂ?”

“ಹೂಂ.”

“ನಿಮ್ಮಪ್ಪ ಹತ್ತು ವರ್ಷದವನಾಗೋ ತನಕ ಹಾಸಿಗೆ ಒದ್ದೆ ಮಾಡ್ತಿದ್ದ, ಅದೇ ಪಾಪಕ್ಕೆ ಈಗ ಊರಿಗೆಲ್ಲ ಹಾಸಿಗೆ ಹೊಲಿದುಕೊಡ್ತಾನೆ ಅಂದಿದ್ದು?”

“ಅದು ನನಗೆ ಈಗ ಕೇಳಿಸ್ತು ಅಕ್ಕಾ” ಎಂದರು ಅಪ್ಪ.

ಬೇರೆ ದಿನವಾಗಿದ್ದರೆ ನಾನು ನೆಲದ ಮೇಲೆ ಇರುತ್ತಿದ್ದೆ. ಅವತ್ತು ಗದ್ದವೂ ಜೋಲಲಿಲ್ಲ. ನೀನು ಅಲ್ಲಿ ಇದ್ದು, ಅತ್ತೆಯ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿದ್ದರೆ ಬೀಳುತ್ತಿದ್ದೆನೋ ಏನೋ.

ನಿನಗೂ ಒಂದು ವಿಷಯ ಹೇಳಬೇಕು. ನನಗೆ ಕೇಳಿಸುತ್ತದೆ ಎಂದು ಇಷ್ಟು ವರ್ಷ ನಿನಗೂ ಹೇಳಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ನೀನು ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಸುತ್ತ ಹಾಸಿಗೆ ನಿಲ್ಲಿಸಿ, “ಈಗ ನಗು, ಎಷ್ಟು ಬೇಕೋ ಅಷ್ಟು ಬೀಳು, ಬಾಡಿಗೆ ಕೇಳಲ್ಲ” ಎಂದು ಶುರು ಮಾಡುತ್ತಿದ್ದೆಯಲ್ಲ. ನಾನು ಬಿದ್ದ ಮೇಲೆ ನನ್ನ ಮುಖ ಹತ್ತಿಯೊಳಗೆ ಹುದುಗದ ಹಾಗೆ ನೀನು ನನ್ನ ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು ಕಾಯುತ್ತಿದ್ದೆ. ಆಗ ನೀನು ಬೇರೆಯೇ ದನಿಯಲ್ಲಿ, “ಬಾರೇ ಬೂರುಗ, ಬೇಗ ಬಾ. ನೀನು ಬರೋ ತನಕ ನನಗಿಲ್ಲಿ ಯಾರೂ ಇಲ್ಲ” ಎನ್ನುತ್ತಿದ್ದೆ. ನಾನು ಎದ್ದು ಕೂತ ತಕ್ಷಣ, “ಬಂದ್ಯಾ ಕುಂಭಕರ್ಣಿ” ಎಂದು ತಲೆಗೆ ಮೊಟಕುತ್ತಿದ್ದೆ. ನನಗೆ ಕೇಳಿಸುತ್ತದೆ ಎಂದು ಗೊತ್ತಾದರೆ ಮೊದಲನೆಯ ಮಾತು ನಿಂತುಹೋಗಿ ಮೊಟಕುವುದು ಮಾತ್ರ ಉಳಿಯುತ್ತದೆ ಎಂದು ಸುಮ್ಮನಿದ್ದೆ.

ಡಾಕ್ಟರಮ್ಮ ಮಾತ್ರೆ ಕೊಟ್ಟಿದ್ದಾರೆ. ನುಂಗುತ್ತಿದ್ದೇನೆ. ನಿದ್ದೆ ಸ್ವಲ್ಪ ಕಡಿಮೆಯಾಗಿದೆ. ಬೀಳುವುದು ಕಡಿಮೆಯಾಯಿತೇ ಎಂದು ಅವರು ಕೇಳಿದರೆ ಏನು ಹೇಳಲಿ? ನೀನು ಹೋದ ಮೇಲೆ ನಾನು ಬಿದ್ದೇ ಇಲ್ಲ.

ಇಂತಿ ನಿನ್ನ ತಂಗಿ,
ಬೂರುಗ


ಫೆಬ್ರವರಿ 4, ಮಂಗಳವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ಕಾಗದ ತಲುಪಿತು. ‘ರೋಗಕ್ಕೆ ಹೆಸರು ಸಿಕ್ಕಿದ್ದು ಸಂತೋಷ. ಮಾತ್ರೆ ತಪ್ಪಿಸಬೇಡ.’ ನಾನು ಅಷ್ಟುದ್ದ ಬರೆದದ್ದಕ್ಕೆ ಎರಡು ಸಾಲು. ನನಗೆ ಕೇಳಿಸುತ್ತದೆ ಎಂಬ ವಿಷಯಕ್ಕೆ ಒಂದಕ್ಷರವೂ ಇಲ್ಲ. ಇರಲಿ. ಇವತ್ತು ದಿಂಬನ್ನೂ ಇಟ್ಟುಕೊಳ್ಳದೆ ಸ್ಟೂಲಿನ ಮೇಲೆ ಕೂತು ಓದಿದೆ.

ಅಪ್ಪ ನನಗೆ ಗಂಡು ಹುಡುಕಿದ್ದಾರೆ. ಹೇಗೆ ಹುಡುಕಿದರು ಎಂದು ಕೇಳು. ಉಳಿದವರು ಮನೆತನ, ಸಂಬಳ ನೋಡುತ್ತಾರೆ. ನಮ್ಮಪ್ಪ, ನಗಿಸದ ಗಂಡು ಬೇಕು ಎಂದು ಊರೆಲ್ಲ ಅಲೆದರು. “ಇನ್ನೊಬ್ಬರ ಮಗಳಾದ್ರೆ ನಗುನಗುತಾ ಇರೋ ಹುಡುಗನ್ನ ನೋಡಬಹುದಿತ್ತು. ನನ್ನ ಮಗಳಿಗೆ ಅಂಥೋನು ಯಮ” ಎಂದರಂತೆ. ಕೊನೆಗೆ ಐಸ್ ಫ್ಯಾಕ್ಟರಿಯಲ್ಲಿ ಒಬ್ಬರು ಸಿಕ್ಕಿದರು. ಅಪ್ಪ ಅಲ್ಲಿ ಮೂಲೆಯಲ್ಲಿ ನಿಂತು ನೋಡಿದರಂತೆ. ಜೊತೆಯವರೆಲ್ಲ ಏನೋ ಹೇಳಿಕೊಂಡು ನಗುತ್ತಿದ್ದರೂ ಇವರು ಮಾತ್ರ ಗರಗಸ ಹಿಡಿದು ಮಂಜುಗಡ್ಡೆ ಕೊಯ್ಯುತ್ತಿದ್ದರಂತೆ. “ಒಂದು ಹಲ್ಲೂ ಕಾಣಿಸಲಿಲ್ಲ” ಎಂದು ಅಪ್ಪ ಬಂದು ಹೇಳಿದಾಗ ಅವರ ಮುಖದಲ್ಲಿ ಎಷ್ಟು ಸಂತೋಷ! ಅಮ್ಮ ಮಾತ್ರ, “ಹಲ್ಲು ಇದೆಯೋ ಇಲ್ವೋ, ಅದನ್ನಾದ್ರೂ ನೋಡಿದ್ರಾ?” ಎಂದಳು.

ಅತ್ತೆ ಅವರಿಗೆ ‘ಮಂಜುಗಡ್ಡೆ’ ಎಂದು ಹೆಸರಿಟ್ಟರು. ಕಾವಲಿನವರೇ ಹೀಗೆ ಮಾಡಿದರೆ ಯಾರನ್ನು ಕೇಳುವುದು.

ಭಾನುವಾರ ಬಂದರು. ಒಬ್ಬರೇ ಬಂದರು, ತಂದೆ ತಾಯಿ ಇಲ್ಲವಂತೆ. ಉದ್ದಕ್ಕಿದ್ದಾರೆ. ಕೈಯ ಚರ್ಮ ಒರಟಾಗಿ ಬಿಳಿಚಿಕೊಂಡಿದೆ. ಕೊಟ್ಟ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದರು, ಅದು ಮುರಿದು ಒಳಗೆ ಬಿತ್ತು, ಅದಕ್ಕೂ ಮುಖ ಬದಲಾಗಲಿಲ್ಲ. ಚಮಚ ಕೇಳಿ ತೆಗೆದುಕೊಂಡು ತಿಂದರು. ಅಪ್ಪ ಕಾಯಿಲೆಯ ವಿಷಯವನ್ನು ಸ್ವಲ್ಪ ನಿದ್ದೆ ಜಾಸ್ತಿ ಎನ್ನುವಷ್ಟಕ್ಕೇ ನಿಲ್ಲಿಸಿದ್ದರು. ನನ್ನ ಹತ್ತಿರ ಮಾತಾಡಬೇಕೆಂದು ಅವರು ಕೇಳಿದಾಗ, ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಎಲ್ಲ ಹೇಳಿಬಿಟ್ಟೆ. ಅಷ್ಟು ಮಾತು ಎಲ್ಲಿಂದ ಬಂತೋ.

ಅವರು ಟೀ ಲೋಟವನ್ನು ಕೆಳಗಿಟ್ಟರು. ಆಮೇಲೆ, “ನಾನು ಯಾರನ್ನಾದ್ರೂ ನಗಿಸಿದ್ದು ನೆನಪಿಲ್ಲ” ಎಂದರು.

“ಅಪ್ಪ ಅದಕ್ಕೇ ನಿಮ್ಮನ್ನ ಕರೆದಿದ್ದು” ಎಂದೆ.

“ಆದ್ರೂ ನಾನು ಒಂದು ಸಲ ನೋಡಬೇಕು.”

“ಏನನ್ನ?”

“ನೀವು ಬೀಳೋದನ್ನ. ಐಸೂ ಅಷ್ಟೇ, ಹಿಡಿಯೋಕೆ ಬರದೋರು ಹಿಡಿದ್ರೆ ಕಾಲ ಮೇಲೆ ಬೀಳುತ್ತೆ. ಹೇಗೆ ಹಿಡೀಬೇಕು ಅಂತ ಮೊದಲೇ ಗೊತ್ತಿರಬೇಕು. ನಾನು ನಗಿಸದೇ ಇದ್ರೂ ದಾರೀಲಿ ಹೋಗೋರು ಯಾರಾದ್ರೂ ನಗಿಸ್ತಾರಲ್ಲ.” ಆಮೇಲೆ, “ಇಪ್ಪತ್ಮೂರನೇ ತಾರೀಖು ಭಾನುವಾರ ರಜೆ ಇದೆ. ಅವತ್ತು ಬಿದ್ದು ತೋರಿಸ್ತೀರಾ? ನೋಡಿದ ಮೇಲೆ ನಾನು ಹೂಂ ಅನ್ನೋದು ಸರಿ” ಎಂದರು.

ಅವರು ಹೋದ ಮೇಲೆ ಅಪ್ಪ ತಲೆ ಮೇಲೆ ಕೈಹೊತ್ತು ಕೂತಿದ್ದಾರೆ. ನಗಿಸಬಾರದು ಎಂದು ಕಾನೂನು ಮಾಡಿದವರೇ ಈಗ ನಗಿಸಬೇಕು. ನನಗೆ ಮಾತ್ರ ಆ ಮನುಷ್ಯನ ಮೇಲೆ ಗೌರವ ಬಂತು. ನಾನು ಬೀಳಬಾರದು ಎಂದವರು ಎಲ್ಲರೂ. ಬಿದ್ದರೆ ಹೇಗೆ ಹಿಡಿಯುವುದು ಎಂದು ಕೇಳಿದವರು ಇವರೇ.

ಇಪ್ಪತ್ಮೂರಕ್ಕೆ ನೀನು ಬರಬಹುದೇ?

ಇಂತಿ,
ಬೂರುಗ


ಫೆಬ್ರವರಿ 26, ಬುಧವಾರ

ಪ್ರೀತಿಯ ಅಣ್ಣನಿಗೆ,

‘ರಜೆ ಇಲ್ಲ’ ಎಂಬ ನಿನ್ನ ಕಾರ್ಡು ಶನಿವಾರ ಬಂತು. ಅದಕ್ಕೆ ಕೂಡಲೇ ಬರೆಯಬೇಕಿತ್ತು, ನಾಲ್ಕು ದಿನ ಕೈ ಓಡಲಿಲ್ಲ. ತಡವಾದದ್ದಕ್ಕೆ ಈ ಸಲ ನಿದ್ದೆಯನ್ನು ದೂರುವುದಿಲ್ಲ.

ಭಾನುವಾರ ನಡೆದದ್ದನ್ನು ಹೇಳುತ್ತೇನೆ. ಅಪ್ಪ ಬೆಳಿಗ್ಗೆಯೇ ಅಂಗಡಿ ಗುಡಿಸಿ, ನಡುವೆ ಹೊಸ ಹಾಸಿಗೆ ಹಾಸಿದರು. ಮಾರಲಿಕ್ಕೆ ಇಟ್ಟಿದ್ದ ಒಳ್ಳೆಯ ಹಾಸಿಗೆ, ಬೂರುಗದ ಹತ್ತಿಯದು. ಸುತ್ತ ದಿಂಬು. ನಾನು ನಡುವೆ ನಿಂತೆ, ಸಂತೆಗೆ ತಂದ ಕುರಿಯ ಹಾಗೆ. ಐಸ್ ಫ್ಯಾಕ್ಟರಿಯವರು ತೋಳು ಮಡಚಿಕೊಂಡು ನನ್ನಿಂದ ಒಂದು ಮಾರು ದೂರದಲ್ಲಿ ನಿಂತರು. “ಎಡಕ್ಕೆ ಬೀಳ್ತೀರೋ ಬಲಕ್ಕೋ?” ಎಂದು ಕೇಳಿದರು. “ಇದ್ದಲ್ಲೇ ಕುಸೀತೀನಿ” ಎಂದೆ. ಅವರು ತಲೆಯಾಡಿಸಿ ಒಂದು ಹೆಜ್ಜೆ ಮುಂದೆ ಬಂದರು.

ಮೊದಲು ಅತ್ತೆ ಶುರು ಮಾಡಿದರು. ಇಷ್ಟು ದಿನ ಬೇಡ ಬೇಡವೆಂದರೂ ಅವರ ಬಾಯಿಂದ ಉದುರುತ್ತಿದ್ದ ಮಾತು, ಹೇಳು ಎಂದ ಕೂಡಲೇ ಇಂಗಿಹೋಯಿತು. “ಒಬ್ಬಳು ಹೆಂಗಸಿದ್ದಳಂತೆ…” ಎಂದು ನಿಂತರು. “ಆಮೇಲೆ?” ಎಂದಳು ಅಮ್ಮ. “ಆಮೇಲೆ ಅವಳು ಸತ್ತಳು. ನಡುವೆ ಏನೋ ಇತ್ತು, ಮರೆತೋಯ್ತು” ಎಂದರು.

ನಗು ಬರಬೇಕಿತ್ತು ಅಲ್ಲವೇ? ಬರಲಿಲ್ಲ ಅಣ್ಣ. ಎಲ್ಲರೂ ನನ್ನ ಮೊಣಕಾಲನ್ನೇ ನೋಡುತ್ತಿದ್ದರು.

ಅಮ್ಮ ನನ್ನ ಪಕ್ಕೆಗೆ ಕಚಗುಳಿ ಇಟ್ಟಳು. ಅವಳ ಬೆರಳು ತಣ್ಣಗಿತ್ತು. ಅವಳು ನನ್ನನ್ನು ಹಾಗೆ ಮುಟ್ಟಿ ಎಷ್ಟು ಕಾಲವಾಗಿತ್ತು ಎಂದು ಲೆಕ್ಕ ಹಾಕುತ್ತ ನಿಂತುಬಿಟ್ಟೆ.

ಆಮೇಲೆ ಅಪ್ಪ ಮುಂದೆ ಬಂದರು. ಅಂಗಿಯ ಗುಂಡಿ ಹಾಕಿಕೊಂಡರು. ಯಾರ ಹತ್ತಿರವೋ ಕೇಳಿ, ಬಾಯಿಪಾಠ ಮಾಡಿಕೊಂಡು ಬಂದಿದ್ದರು ಎಂದು ಕಾಣುತ್ತದೆ. ಗೋಡೆಯ ಕಡೆ ನೋಡುತ್ತ, ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಹೇಳಿದರು: “ಒಬ್ಬ ಕುಡುಕ ದೀಪದ ಕಂಬದ ಬಾಗಿಲು ತಟ್ಟಿದ. ಪೊಲೀಸು ಬಂದು, ಒಳಗೆ ಯಾರೂ ಇಲ್ಲ ಕಣಯ್ಯ ಅಂದ. ಅದಕ್ಕೆ ಕುಡುಕ, ಮಹಡಿ ಮೇಲೆ ದೀಪ ಉರೀತಿದೆಯಲ್ಲ ಸ್ವಾಮಿ ಅಂದ.” ಹೇಳಿ ಮುಗಿಸಿ ನನ್ನ ಮುಖ ನೋಡಿದರು. ಎಷ್ಟು ಆಸೆಯಿಂದ ನೋಡಿದರು ಎಂದರೆ, ನಾನು ಸುಳ್ಳು ಸುಳ್ಳೇ ಬಿದ್ದುಬಿಡೋಣ ಎಂದುಕೊಂಡೆ. ಮಾಡಲಾಗಲಿಲ್ಲ. ಬೇಕೆಂದೇ ಬೀಳುವುದು ನನಗೆ ಗೊತ್ತಿಲ್ಲ. ಕಾಲು ಗಟ್ಟಿಯಾಗಿ ನಿಂತೇ ಇತ್ತು. ಹುಟ್ಟಿದಂದಿನಿಂದ ಅಷ್ಟು ಗಟ್ಟಿಯಾಗಿ ನಿಂತಿರಲಿಲ್ಲ.

ಅಪ್ಪ ಅದನ್ನೇ ಇನ್ನೊಂದು ಸಲ ಹೇಳಿದರು. ಈ ಸಲ ನಡುವೆ ಪೊಲೀಸನ್ನು ಮರೆತರು.

ಆಗ ಐಸ್ ಫ್ಯಾಕ್ಟರಿಯವರು ಮಡಚಿದ್ದ ತೋಳನ್ನು ಬಿಟ್ಟು, “ಇವರನ್ನ ನಗಿಸ್ತಾ ಇದ್ದೋರು ಯಾರು?” ಎಂದು ಕೇಳಿದರು. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ಅಮ್ಮ ಬಗ್ಗಿ ದಿಂಬು ಸರಿಮಾಡಿದಳು.

“ನನ್ನ ಮಗ” ಎಂದರು ಅಪ್ಪ. ನೀನು ಹೋದ ಮೇಲೆ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

“ಎಲ್ಲಿದ್ದಾರೆ?”

“ನಾನೇ ಓಡಿಸಿಬಿಟ್ಟೆ.”

ಹಾಗೆಂದವರು ಹಾಸಿಗೆಯ ಅಂಚಿನ ಮೇಲೆ ಕೂತರು. ಹೊಸ ಹಾಸಿಗೆಯ ಮೇಲೆ ಕೂರುವುದು ಅವರಿಗೆ ಎಂದೂ ಇಷ್ಟವಿಲ್ಲ, ನಮ್ಮನ್ನು ಎಷ್ಟು ಬೈದಿದ್ದಾರೆ. ಕೂತು, ಅಂಗೈಯಿಂದ ಹೊಲಿಗೆಯನ್ನು ಸವರುತ್ತ, “ಇವಳು ಬೀಳಬಾರದು ಅಂತ ಮಾಡಿದೆ. ಈಗ ನೋಡಿದ್ರೆ ನಮ್ಮ ಮನೇಲಿ ನಿಂತಿರೋದು ಇವಳೊಬ್ಬಳೇ” ಎಂದರು. ಅವರ ಭುಜ ಜಗ್ಗಿಹೋಗಿತ್ತು. ಬಿಗಿ ಹೋಗುವುದು ನನಗೊಬ್ಬಳಿಗೇ ಎಂದುಕೊಂಡಿದ್ದೆ.

ಐಸ್ ಫ್ಯಾಕ್ಟರಿಯವರು ಕೋಪ ಮಾಡಿಕೊಳ್ಳಲಿಲ್ಲ. “ಅವರು ಬರಲಿ. ಮುಂದಿನ ತಿಂಗಳು ಹದಿನಾರಕ್ಕೆ ಮತ್ತೆ ನನಗೆ ಭಾನುವಾರ ರಜೆ” ಎಂದರು. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ ನನಗೊಬ್ಬಳಿಗೇ ಕೇಳಿಸುವ ಹಾಗೆ, “ನನಗೂ ನಗೋಕೆ ಬರಲ್ಲ ಅಂತಲ್ಲ. ನಗಿಸೋರು ಯಾರೂ ಇರಲಿಲ್ಲ” ಎಂದರು. ಅಣ್ಣಾ, ಅವರನ್ನು ಮದುವೆಯಾದರೆ ನಾನು ಸುಖವಾಗಿರುತ್ತೇನೋ ಇಲ್ಲವೋ ತಿಳಿಯದು. ಆದರೆ ನಗಿಸುವವರು ಇಲ್ಲದ ಇಬ್ಬರು ಒಂದೇ ಮನೆಯಲ್ಲಿ ಎದುರುಬದುರು ಕೂತು ಟೀ ಕುಡಿಯುವುದನ್ನು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಈಗ ಎಲ್ಲರೂ ನನಗೆ ವಾಸಿಯಾಗಿದೆ ಎನ್ನುತ್ತಿದ್ದಾರೆ. ಪಕ್ಕದ ಅಂಗಡಿಯ ದರ್ಜಿ, “ಮಾತ್ರೆ ಕೆಲಸ ಮಾಡ್ತಿದೆ, ಇನ್ನೇನು ಭಯ ಇಲ್ಲ ಬಿಡಮ್ಮ” ಎಂದ. ನನಗೆ ಅದೇ ಭಯ. ಕಾಯಿಲೆ ಹೋಯಿತೋ, ನಗುವೇ ಹೋಯಿತೋ, ನೋಡಿ ಹೇಳುವವರು ಇಲ್ಲಿ ಯಾರೂ ಇಲ್ಲ.

ನಿನ್ನೆ ಅಪ್ಪ ಹತ್ತಿ ಹಿಂಜುತ್ತ, ನನ್ನ ಕಡೆ ತಿರುಗದೆ, “ಅವನಿಗೆ ಬರೀ. ಬರಲಿ ಅಂತ. ನಾನು ಕರೆದೆ ಅನ್ನಬೇಡ, ನೀನೇ ಕರೆದ ಹಾಗೆ ಬರೀ” ಎಂದರು. ಸರಿ ಎಂದೆ. ನಾನು ಕರೆಯುತ್ತಿದ್ದೇನೆ, ಬಾ. ಅಪ್ಪ ಕರೆದರು ಎಂದು ನಾನು ಬರೆದಿಲ್ಲ, ನೀನು ಓದಿಲ್ಲ.

ಬಸ್ಸಿನ ಸೀಟು ಹೊಲಿಯುವಾಗ ಬೆರಳು ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು. ಚಿಕ್ಕವಳು ದೊಡ್ಡವನನ್ನು ಹರಸಬಾರದು ಎಂದು ಅತ್ತೆ ಬೈದರೂ ಸರಿ, ಹರಸುತ್ತೇನೆ: ನಿನ್ನ ನಾಲಿಗೆ ತಣ್ಣಗಿರಲಿ, ಅದರ ಮೇಲೆ ಮೊದಲಿನ ಮಾತುಗಳೆಲ್ಲ ಹಾಗೇ ಇರಲಿ.

ಇಂತಿ ನಿನ್ನ ಪ್ರೀತಿಯ ತಂಗಿ,
ಬೂರುಗ

ಮರುಬರಹ: ಮರೆತದ್ದನ್ನು ಇಲ್ಲಿ ಬರೆಯುತ್ತಾರೆ ಎಂದು ನೀನೇ ಹೇಳಿಕೊಟ್ಟದ್ದು. ಇದು ಮರೆತದ್ದಲ್ಲ. ಇಷ್ಟು ದಿನ ಕೇಳಲು ಧೈರ್ಯ ಸಾಲಲಿಲ್ಲ. ಕೇಳಿದರೆ, ಅವತ್ತು ಮೆಟ್ಟಿಲ ಮೇಲೆ ನಾನು ಎಲ್ಲವನ್ನೂ ಕೇಳಿಸಿಕೊಂಡದ್ದನ್ನೂ ಹೇಳಬೇಕಾಗುತ್ತಿತ್ತು.

ರಿಪೇರಿಗೆ ಬಂದಿದ್ದ ಜೋಡಿ ಹಾಸಿಗೆಯನ್ನು ಇಬ್ಬರೂ ಕೆಳಗೆ ಇಳಿಸುತ್ತಿದ್ದೆವು. ಮೇಲಿನ ತುದಿ ನಿನ್ನದು, ಕೆಳಗಿನ ತುದಿ ನನ್ನದು. ಹಾಸಿಗೆಯ ಮೇಲಿನಿಂದ ನಿನ್ನ ಎರಡು ಕಣ್ಣು ಮಾತ್ರ ಕಾಣಿಸುತ್ತಿತ್ತು. ಮೂರು ಸಲ ವಾಪಸ್ ಬಂದ ಹಾಸಿಗೆ ಅದು. ನೀನು, “ಬೂರುಗ, ಇದು ಯಾಕೆ ಆ ಮನೆಯಿಂದ ಓಡಿ ಓಡಿ ಬರುತ್ತೆ ಗೊತ್ತಾ? ನಿನ್ನೆ ನನ್ನ ಕಿವೀಲಿ ಹೇಳ್ತು…” ಎಂದೆ. ಅಷ್ಟೇ. ಏನು ಹೇಳಿತು ಎಂದು ನೀನು ಇನ್ನೂ ಬಾಯಿ ಬಿಟ್ಟಿರಲಿಲ್ಲ. ನಾನು ನಿನ್ನ ಕಣ್ಣು ನೋಡಿಯೇ ಬಿದ್ದೆ. ನೀನು ನಗಿಸಲಿಲ್ಲ ಅಣ್ಣ. ನೀನು ಇನ್ನೂ ಹೇಳಿಯೇ ಇರಲಿಲ್ಲ.

ಅಪ್ಪ ಓಡಿ ಬಂದದ್ದು ಕೇಳಿಸಿತು. ನಿನ್ನ ಕೆನ್ನೆಗೆ ಹೊಡೆದದ್ದು ಕೇಳಿಸಿತು. “ನಿನ್ನ ಬಾಯಿಂದ ಒಂದು ದಿನ ಇವಳು ಸಾಯ್ತಾಳೆ” ಎಂದದ್ದು ಕೇಳಿಸಿತು. “ಇನ್ನು ಇವಳ ಎದುರಿಗೆ ಈ ಬಾಯಿ ತೆರೆಯಲ್ಲಪ್ಪ” ಎಂದು ನೀನು ಅಂದದ್ದೂ ಕೇಳಿಸಿತು. ನನ್ನ ಬಾಯೊಳಗೆ ರಕ್ತ ತುಂಬಿತ್ತು, ನಾಲಿಗೆ ಹೊರಳಲಿಲ್ಲ. ಹೊರಳಿದ್ದರೆ ಹೊಡೆಯಬೇಡಪ್ಪ ಎನ್ನುತ್ತಿದ್ದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು. ಆಸ್ಪತ್ರೆಯಲ್ಲಿ ದವಡೆಗೆ ತಂತಿ ಹಾಕಿದ್ದಾಗಲೂ ಅದೇ, ಈಗಲೂ ಅದೇ.

ಆ ಹಾಸಿಗೆ ನಿನ್ನ ಕಿವಿಯಲ್ಲಿ ಏನು ಹೇಳಿತು, ಅಣ್ಣ?